ಒಂದು ಕುದಿ

ಆ ದೇಶದಲ್ಲಿ ಕಳೆದ ಮೂರು ವರ್ಷ
ಹಂದಿಜ್ವರ ಇರಲಿಲ್ಲ ತಾನೆ?
ಪ್ರಾಣಿ ಹುಟ್ಟಿದ್ದು, ಬೆಳೆದದ್ದು, ಕೊಯ್ದದ್ದು
ಎಲ್ಲ ಅಲ್ಲೇ ತಾನೆ?
ಕೊಯ್ಯುವ ಮುನ್ನ ಒಮ್ಮೆ, ಕೊಯ್ದ ಮೇಲೊಮ್ಮೆ
ವೈದ್ಯರ ಕಣ್ಣು ಬಿದ್ದಿದೆ ತಾನೆ?
ಹೀಗೆ ಕೇಳುತ್ತದೆ ನಮೂನೆ.
ನಮ್ಮಲ್ಲಿ ಹೆಣ್ಣು ನೋಡಲು ಬಂದವರೂ
ಇಷ್ಟು ಕೇಳುವುದಿಲ್ಲ.

ಮೂಡಿಗೆರೆಯ ಪಶು ಆಸ್ಪತ್ರೆಯಲ್ಲಿ
ಈ ನಮೂನೆಗೆ ಕೆಲಸವಿಲ್ಲ.
ಅದು ಬಂದರಿನಲ್ಲಿ, ವಿಮಾನ ನಿಲ್ದಾಣದಲ್ಲಿ
ಇಸ್ತ್ರಿ ಅಂಗಿಯವರ ಮೇಜಿನದು.
ನನ್ನ ಮೇಜಿನ ಮೇಲೆ
ಕಾಲುಬಾಯಿ ಲಸಿಕೆಯ ರಿಜಿಸ್ಟರು,
ಕಿವಿಗೆ ನಂಬರು ಚುಚ್ಚುವ ಇಕ್ಕಳ,
ಕರೆಂಟು ಹೋದಾಗಲೆಲ್ಲ ಬೆವರುವ ಫ್ರಿಜ್ಜಿನ ಬೀಗದ ಕೈ.

ಆದರೂ ಓದಿದೆ, ಸಾಲು ಬಿಡದೆ,
ಸಿಪ್ರಿಯನ್ ಡಿಸಿಲ್ವನ ಹಂದಿಗಳನ್ನು ಹೂತ ರಾತ್ರಿ.

ಮಾಂಸದ ತುಂಡು ನಡುವಿನವರೆಗೂ
ಎಪ್ಪತ್ತು ಡಿಗ್ರಿ, ಮೂವತ್ತು ನಿಮಿಷ.
ಇಲ್ಲವೇ ಉಪ್ಪು ಹಾಕಿ ಒಣಗಿಸಿ ಆರು ತಿಂಗಳು.
ಪೆಟ್ಟಿಗೆಗೆ ಮೊಹರು. ಮೊಹರಿಗೆ ಸಂಖ್ಯೆ.
ಸೂಟ್‌ಕೇಸಿನಲ್ಲಿ, ಕಾಲುಚೀಲದೊಳಗೆ
ಸುತ್ತಿಕೊಂಡು ಬಂದದ್ದಕ್ಕೆ ಮಾತ್ರ
ಯಾರೂ ಏನೂ ಕೇಳಲಿಲ್ಲ.

ಗುಡ್ಡದ ಮೇಲಿನ ಹೋಂಸ್ಟೇಯ ಅಡುಗೆ ಹೊನ್ನಮ್ಮ
ಸೆರಗಿನಲ್ಲಿ ಕೈ ಒರೆಸಿಕೊಂಡು ಹೇಳಿದಳು:
"ಇಷ್ಟುದ್ದ ಇತ್ತು ಮೇಡಂ. ಕೆಂಪಗೆ. ನಡುನಡುವೆ ಬಿಳಿ ಚುಕ್ಕಿ.
ಮೇಲೆಲ್ಲ ಬೂಷ್ಟು.
ಕೆಟ್ಟುಹೋಗಿದೆ ಅಂದುಕೊಂಡು ಮುಸುರೆ ಬಕೆಟ್ಟಿಗೆ ಹಾಕಿದೆ.
ಆಮೇಲೆ ಆ ಗೆಸ್ಟು ಹುಡುಕಿದರು.
ಅದು ಹಾಗೇ ಇರೋದಂತೆ, ಬೂಷ್ಟೇ ಅದರ ರುಚಿಯಂತೆ."

ಬಕೆಟ್ಟು ಬಣಕಲ್ ರಸ್ತೆ ಇಳಿದು
ಸಂಜೆ ಐದಕ್ಕೆ ಸಿಪ್ರಿಯನ್ನನ ದೊಡ್ಡಿಗೆ.
ಅವನ ಹೆಂಡತಿ ಬೆನ್ನಿಬಾಯಿ ಅಳಲಿಲ್ಲ.
ನನ್ನನ್ನೇ ನೋಡಿದಳು.
"ನೀವು ಹೇಳಿದ ಹಾಗೇ ಮಾಡಿದ್ದೆ.
ದಿನಾ ಒಂದು ಕುದಿ ಬರಿಸಿಯೇ ಹಾಕುತ್ತಿದ್ದೆ."

ಹೌದು. ಹೇಳಿದ್ದು ನಾನೇ,
ಎರಡು ವರ್ಷದ ಕೆಳಗೆ, ಬೈಕಿನ ಮೇಲೆ ಕೂತೇ:
"ಹೋಟೆಲಿನ ಮುಸುರೆ ಹಸಿಯಾಗಿ ಹಾಕಬೇಡಿ,
ಒಂದು ಕುದಿ ಬರಿಸಿ."
ಒಂದು ಕುದಿ!
ಸಾರಿಗೆ ಹೇಳುವ ಹಾಗೆ,
ಉಕ್ಕುವ ಮುಂಚೆ ಇಳಿಸೇ ಅಂತ
ಅವ್ವ ಹಾಲಿಗೆ ಹೇಳುತ್ತಿದ್ದ ಹಾಗೆ.

ಮುಸುರೆಗೆ ತೊಂಬತ್ತು ಡಿಗ್ರಿ, ಅರವತ್ತು ನಿಮಿಷ,
ಬಿಡದೆ ಕೈಯಾಡಿಸುತ್ತ:
ಹನ್ನೆರಡನೆಯ ಪುಟ. ಸಣ್ಣ ಅಕ್ಷರ.

ಕೊಲ್ಲುವ ಮೊದಲು ತೂಗಬೇಕು.
ಪರಿಹಾರ ಕೆಜಿ ಲೆಕ್ಕ.
ನಲವತ್ತೊಂದು ಹಂದಿ, ಅದರಲ್ಲಿ ಮೂರು ಗಬ್ಬ.
ಮೇವು ತೂಗುವ ಹಲಗೆಯ ಗುರುತು ಸಿಕ್ಕಿ
ದೊಡ್ಡ ಹೆಣ್ಣೊಂದು ತಾನಾಗಿಯೇ ಹತ್ತಿ
ಮೂತಿಯೆತ್ತಿ ನಿಂತಿತು, ಬಡಿಸಲಿ ಎಂದು.
ಅದರ ಕಿವಿಯ ಹಿಂದೆ ಕೆರೆಯುತ್ತ ಸಿಪ್ರಿಯನ್
ತೂಕ ಕೂಗಿ ಹೇಳಿದ: ನೂರಾ ಹದಿನಾರು.
ಬರೆದುಕೊಂಡೆ.
ಆಮೇಲೆ ಸುಣ್ಣ, ಜೆಸಿಬಿ, ಹದಿನೈದಡಿ ಕೆಮ್ಮಣ್ಣು.

ಭೋಪಾಲಿನ ಕಾಗದದಲ್ಲಿ ವೈರಾಣುವಿನ ಹೆಸರಿತ್ತು.
ಬಂದ ದಾರಿ ಇರಲಿಲ್ಲ.
ಆ ತುಂಡಿನದ್ದೇ ಅಂತ ಪ್ರಮಾಣ ಮಾಡಲಾರೆ.
ಕಾಡುಹಂದಿಯೂ ಇರಬಹುದು, ವ್ಯಾಪಾರಿಯ ವ್ಯಾನಿನ ಚಕ್ರವೂ,
ನನ್ನದೇ ಗಂಬೂಟೂ.
ವರದಿಯಲ್ಲಿ 'ಮೂಲ' ಎಂಬ ಕಾಲಮ್ಮಿನಲ್ಲಿ
'ಪತ್ತೆಯಾಗಿಲ್ಲ' ಎಂದು ಬರೆದು
ಕೆಳಗೆ ಸಹಿ: ಎಂ. ಎಸ್. ದಾಕ್ಷಾಯಿಣಿ, ಪಶು ಪರಿವೀಕ್ಷಕಿ.

ನಿನ್ನೆ ಗೋಣಿಬೀಡಿನ ಕಡೆ ಇನ್ನೊಂದು ದೊಡ್ಡಿ.
ಈ ಸಲ ಬೈಕಿನಿಂದ ಇಳಿದೆ.
"ಒಂದು ಗಂಟೆ ಕುದಿಸಬೇಕು ಕಣಮ್ಮ. ಗಡಿಯಾರ ನೋಡಿಕೊಂಡು.
ತೊಂಬತ್ತು ಡಿಗ್ರಿ."

ಆಕೆ ಕಡಾಯಿಯ ಮಸಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಕೇಳಿದಳು:
"ಅಷ್ಟು ಸೌದೆ ಯಾರು ಕೊಡ್ತಾರೆ?
ತೊಂಬತ್ತು ಆಯ್ತು ಅಂತ ಹೆಂಗೆ ಗೊತ್ತಾಗುತ್ತೆ?"

ಕಿಸೆಗೆ ಕೈ ಹಾಕಿದೆ.
ಇದ್ದದ್ದು ದನಗಳ ಜ್ವರ ನೋಡುವ ಥರ್ಮಾಮೀಟರು.
ಅದು ನಲವತ್ತೆರಡಕ್ಕೇ ಮುಗಿಯುತ್ತದೆ.